ಎಷ್ಟು ದಿನ ಬೇಕಾದರೂ ಇರಲಿ

ಹೌನ್ಸ್ಲೋ,
ಅಕ್ಟೋಬರ್ ೧೪, ೨೦೨೫, ಮಂಗಳವಾರ

ಪ್ರೀತಿಯ ಯಜಮಾನರಿಗೆ,

ನಿಮಗೂ ನಿಮ್ಮ ಮೊಣಕಾಲಿಗೂ ನಮಸ್ಕಾರ. ನಿಮ್ಮ ಅಕ್ಕ ವಾಕರ್ ಹಿಡಿದು ಅಂಗಳದವರೆಗೆ ನಡೆದರೆಂದು ಕೇಳಿ ಜೀವಕ್ಕೆ ಹಾಯೆನಿಸಿತು. ಸೊಂಟದ ಮೂಳೆ ಕೂಡಿಕೊಳ್ಳುವಾಗ ಅವಸರ ಬೇಡ, ಇದನ್ನು ಅತ್ತಿಗೆಯ ಮೇಲಿನ ಅಕ್ಕರೆಯಿಂದಲ್ಲ, ಡಾಕ್ಟರಾಗಿ ಹೇಳುತ್ತಿದ್ದೇನೆ. ನೀವು ಬಿ.ಪಿ. ಗುಳಿಗೆ ತಪ್ಪಿಸುತ್ತಿಲ್ಲ ತಾನೇ? ಧಾರವಾಡದಲ್ಲಿ ಕಾಲಿಟ್ಟರೆ ಫೇಡೆಯ ಮುಂದೆ ನಿಮಗೆ ಸಕ್ಕರೆ ಕಾಯಿಲೆ ಇರುವುದೇ ಮರೆತುಹೋಗುತ್ತದೆ, ನನಗೆ ಗೊತ್ತಿಲ್ಲವೇ. ದಿನವೂ ವಿಡಿಯೋದಲ್ಲಿ ಮಾತಾಡುವವಳು ಕಾಗದ ಏಕೆ ಬರೆದಳೆಂದು ಹುಬ್ಬೇರಿಸಬೇಡಿ. ವಿಡಿಯೋದಲ್ಲಿ ನಿಮ್ಮ ಪಕ್ಕದಲ್ಲೇ ಅಕ್ಕ ಇರುತ್ತಾರೆ. ಇದು ಅವರ ಮುಂದೆ ಹೇಳುವ ಮಾತಲ್ಲ. ನಿಮ್ಮ ಮುಖ ನೋಡಿಕೊಂಡು ಹೇಳುವ ಧೈರ್ಯವೂ ನನಗಿಲ್ಲ.

ನಜ್ವಾ ಬರುವುದಿಲ್ಲ. ವೀಸಾ ಕೊಡಲಿಲ್ಲ. ತಪ್ಪು ನನ್ನದು.

ಲೈಬ್ರರಿಯ ಮೇಲಿನ ಕೋಣೆಯಲ್ಲಿ ತಿಂಗಳಿಗೊಮ್ಮೆ ನೀವೆಲ್ಲ ಸೇರಿ ಲೋಕದ ಜಗಳ ಬಿಡಿಸಲು ಕೂರುವುದನ್ನು ನೋಡಿ ಒಂಬತ್ತು ವರ್ಷ ನಕ್ಕವಳು ನಾನು. ಸರ್ಕಾರಗಳು ಮಾತು ಬಿಟ್ಟಾಗ ಜನ ಮಾತಾಡಬೇಕು ಎಂದು ನೀವು ಹೇಳಿದಾಗಲೆಲ್ಲ, ಮೊದಲು ಪಕ್ಕದ ಮನೆಯವರ ಹತ್ತಿರ ಬೇಲಿಯ ವಿಷಯ ಮಾತಾಡಿ ಎಂದು ಚುಚ್ಚಿದವಳೂ ನಾನೇ. ಆದರೆ ಸುಡಾನಿನ ಬಗ್ಗೆ ನೀವು ಮೂರು ತಿಂಗಳು ನಕ್ಷೆ ಹರಡಿಕೊಂಡು ಚರ್ಚಿಸಿದ ಮೇಲೆ, ಪರದೆಯ ಮೇಲೆ ನಜ್ವಾ ಬಂದಳಲ್ಲ, ಖಾರ್ಟೂಮಿನಲ್ಲಿ ಇತಿಹಾಸ ಕಲಿಸುತ್ತಿದ್ದವಳು, ಈಗ ಕಂಪಾಲಾದ ಒಂದು ತಗಡಿನ ಶೆಡ್ಡಿನಲ್ಲಿ ಊರು ಬಿಟ್ಟು ಬಂದ ಮಕ್ಕಳಿಗೆ ಪಾಠ ಹೇಳುವವಳು. ನಮ್ಮ ಸೇನೆಗಳ ಹೆಸರೆಲ್ಲ ನಿಮಗೆ ಬಾಯಿಪಾಠವಾಗಿದೆ, ನಮ್ಮಲ್ಲಿ ಬೆಳಗ್ಗೆ ಏನು ತಿನ್ನುತ್ತಾರೆ ಎಂದು ಯಾರಿಗಾದರೂ ಗೊತ್ತೇ ಎಂದು ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಅವತ್ತಿನಿಂದ ನನ್ನ ನಗು ನಿಂತಿತು. ಅವಳನ್ನು ಹತ್ತು ದಿನ ಕರೆಸೋಣ, ನಮ್ಮ ಮನೆಯಲ್ಲೇ ಇರಲಿ, ನಾಲ್ಕು ಶಾಲೆಗಳಲ್ಲಿ ಮಾತಾಡಲಿ ಎಂದು ಹಟ ಹಿಡಿದವಳು ನಾನು.

ಆಹ್ವಾನದ ಕಾಗದವನ್ನು ನೀವು ಟೈಪ್ ಮಾಡಿಟ್ಟು, ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ್ದಿರಿ, "ಕಲ್ಯಾಣಿ, ಸಹಿ ಮಾಡಿ ಕಳಸು ಅಷ್ಟ. ಒಂದ ಅಕ್ಷರಾನೂ ಬದಲ ಮಾಡಬ್ಯಾಡ." ನಾನು ಓದಿದೆ. ಇಂಥ ದಿನ ಬರುವರು, ಇಂಥ ದಿನ ಹೊರಡುವರು, ಹೊರಡುವುದಕ್ಕೆ ನಾನು ಹೊಣೆ. ಮೈ ಉರಿಯಿತು. ಇದೇನು ಅತಿಥಿಯನ್ನು ಕರೆಯುವ ರೀತಿಯೇ, ಸಾಮಾನು ಬಾಡಿಗೆಗೆ ತಂದ ಹಾಗೆ? ನಮ್ಮವ್ವ ಹೊಸ್ತಿಲು ದಾಟಿ ಬಂದವರನ್ನು ಯಾವಾಗ ಹೊರಡುತ್ತೀರಿ ಎಂದು ಒಮ್ಮೆಯೂ ಕೇಳಿದವಳಲ್ಲ, ಎರಡು ತಿಂಗಳು ಕೂತು ಉಂಡ ಚಿಕ್ಕಪ್ಪನನ್ನೂ ಕೇಳಲಿಲ್ಲ. ಹೊರಡುವ ದಿನದ ಸಾಲನ್ನೇ ತೆಗೆದುಹಾಕಿ, ಅದರ ಜಾಗದಲ್ಲಿ ನನ್ನ ಮಾತು ಸೇರಿಸಿದೆ. ನಜ್ವಾ ನನಗೆ ತಂಗಿ ಇದ್ದಂತೆ, ಈ ಮನೆ ಅವಳದೇ, ಎಷ್ಟು ದಿನ ಬೇಕಾದರೂ ಇರಲಿ. ಬರೆದು, ಬಹಳ ಚೆನ್ನಾಗಿದೆ ಎಂದು ಎರಡು ಸಲ ಓದಿಕೊಂಡೆ. ನಲವತ್ತು ವರ್ಷ ಈ ದೇಶದಲ್ಲಿ ಅನ್ನ ತಿಂದು, ಎಷ್ಟೋ ಫಾರ್ಮು ತುಂಬಿದ ನನ್ನ ಬುದ್ಧಿಗೆ ಏನು ಮಂಕು ಕವಿದಿತ್ತೋ.

ವೀಸಾ ನಿರಾಕರಿಸಿದ ಕಾಗದದ ಫೋಟೋವನ್ನು ನಜ್ವಾ ನನಗೊಬ್ಬಳಿಗೇ ಕಳಿಸಿದ್ದಾಳೆ. ಕರೆದವರೇ ಎಷ್ಟು ದಿನ ಬೇಕಾದರೂ ಉಳಿಯಬಹುದೆಂದು ಬರೆದಿದ್ದಾರೆ, ಆದ್ದರಿಂದ ನೀವು ಹಿಂದಿರುಗುವಿರೆಂದು ನಂಬಲಾಗದು ಎಂದು ಮೂರನೆಯ ಸಾಲಿನಲ್ಲೇ ಇದೆ. ಜೊತೆಗೆ ಅವಳ ಒಂದೇ ವಾಕ್ಯ, ಡಾಕ್ಟರ್, ನೀವು ಬೇಸರ ಮಾಡಿಕೊಳ್ಳಬೇಡಿ. ಮೇಲ್ಮನವಿ ಇಲ್ಲ. ಹೊಸ ಅರ್ಜಿ ಹಾಕಬಹುದಂತೆ, ಆದರೆ ಈ ಕಲೆ ಹೋಗುವುದಿಲ್ಲ. ಜನವರಿಯಲ್ಲಿ ಕೆನಡಾದ ತರಬೇತಿಗೆ ಅವಳು ಆಸೆಪಟ್ಟು ಕೂತಿದ್ದಳು, ಆ ಫಾರ್ಮಿನಲ್ಲೂ ಕೇಳುತ್ತಾರೆ, ಯಾವ ದೇಶವಾದರೂ ನಿಮಗೆ ವೀಸಾ ನಿರಾಕರಿಸಿದೆಯೇ ಎಂದು. ಇನ್ನು ಮುಂದೆ ಹೋದಲ್ಲೆಲ್ಲ ಹೌದು ಎಂದೇ ಬರೆಯಬೇಕು. ಪ್ರೀತಿ ಮಾಡಲು ಹೋಗಿ ಅವಳ ಹಣೆಗೆ ಬರೆ ಎಳೆದೆ. ವಕೀಲರನ್ನು ಕೇಳಿದೆ, ನಮ್ಮ ಎಂಪಿಯ ಕಚೇರಿಗೆ ಹೋಗಿ ಒಂದು ಗಂಟೆ ಕುಳಿತು ಬಂದೆ. ಎಲ್ಲರೂ ಬಹಳ ಸಭ್ಯವಾಗಿ ಏನೂ ಆಗದೆಂದರು.

ಇನ್ನೊಂದು. ನಿನ್ನೆ ನಿಮ್ಮ ಬಳಗ ಸೇರಿತ್ತು. ನಜ್ವಾಳ ಪಾಸ್‌ಪೋರ್ಟ್ ನೋಡಿಯೇ ಬಾಗಿಲು ಹಾಕಿದರೆಂದು ಎಲ್ಲರಿಗೂ ಸಿಟ್ಟು. ಕಾರ್ಯದರ್ಶಿ ಮಾರ್ಗರೆಟ್ ಪ್ರತಿಭಟನೆಯ ಮನವಿ ಬರೆದು ತಂದಿದ್ದಳು. ನಿಮ್ಮ ಜೊತೆ ಸದಾ ಕಾಶ್ಮೀರಕ್ಕೆ ಜಗಳವಾಡುವ ಇಕ್ಬಾಲ್ ಸಾಹೇಬರು ಪೆನ್ನು ನನ್ನ ಕೈಗೆ ಕೊಟ್ಟು, ಕರೆದವರು ನೀವು, ಮೊದಲ ಸಹಿ ನಿಮ್ಮದೇ ಎಂದರು. ನಲವತ್ತು ಜನ ನನ್ನನ್ನೇ ನೋಡುತ್ತಿದ್ದರು. ಹೇಳಬೇಕೆಂದು ಬಾಯಿ ತೆರೆದೆ. ಆಮೇಲೆ ಸಹಿ ಹಾಕಿದೆ.

ಬೈಯುವುದಿದ್ದರೆ ಬೈಯಿರಿ, ಆದರೆ ಏನು ಮಾಡಲಿ ಎಂದೂ ಹೇಳಿ. ಅಕ್ಕನಿಗೆ ನನ್ನ ನಮಸ್ಕಾರ, ಓಣಿಯ ಮಕ್ಕಳಿಗೆಲ್ಲ ಆಶೀರ್ವಾದ. ನಿಮ್ಮ ಆರೋಗ್ಯ ನೋಡಿಕೊಳ್ಳಿ.

ನಿಮ್ಮ,
ಕಲ್ಯಾಣಿ

ತಾಜಾ ಕಲಂ: ಲಕೋಟೆ ಅಂಟಿಸುವ ಹೊತ್ತಿಗೆ ಮಾರ್ಗರೆಟ್ ಫೋನ್ ಮಾಡಿದಳು. ಮನವಿಯ ಜೊತೆ ಇಡಲು ನಿರಾಕರಣೆಯ ಕಾಗದ ಕಳಿಸು ಎಂದು ನಜ್ವಾಳನ್ನು ಕೇಳಿದ್ದಳಂತೆ. ಅದು ಎಲ್ಲೋ ಕಳೆದುಹೋಯಿತು, ಅದರಲ್ಲಿ ಕಾರಣವೇನೂ ಇರಲಿಲ್ಲ ಎಂದಳಂತೆ ನಜ್ವಾ. ತನ್ನ ತರಗತಿಯ ಮಕ್ಕಳ ಅಂಕಪಟ್ಟಿಗಳನ್ನೆಲ್ಲ ಸೊಂಟಕ್ಕೆ ಕಟ್ಟಿಕೊಂಡು, ಒಂದನ್ನೂ ಬಿಡದೆ ಎರಡು ಗಡಿ ದಾಟಿದವಳು ರೀ ಅವಳು. "ನಿಮ್ಮ ಹತ್ತಿರ ಅದರ ಪ್ರತಿ ಇದೆಯೇ ಡಾಕ್ಟರ್?" ಎಂದು ಮಾರ್ಗರೆಟ್ ಕೇಳಿದಳು. ಇಲ್ಲ ಎಂದೆ.