ಆರಾಮಕ್ಕೆ ಅಂಕವಿಲ್ಲ

ಚಿತ್ತವಾಡ್ಗಿ, ಹೊಸಪೇಟೆ
14 ಜುಲೈ 2024

ತಂಗಿ ಜಂಬವ್ವನಿಗೆ ನಿನ್ನ ಅಕ್ಕ ಹಂಪಕ್ಕ ಮನಸಾರೆ ಹರಸಿ ಬರೆಯುವುದೇನೆಂದರೆ,

ಇಲ್ಲಿ ನಾವೆಲ್ಲ ಕ್ಷೇಮ. ಕಂಪ್ಲಿಯಲ್ಲಿ ನೀನು, ನಿಮ್ಮ ಯಜಮಾನರು, ಮಗಳು ತುಳಸಿ ಹೇಗಿದ್ದೀರಿ? ತಡವಾಯಿತೆಂದು ಸಿಟ್ಟಾಗಬೇಡ. ಎರಡು ಸಲ ಬರೆದು ಹರಿದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಮಾಡಿದಾಗೆಲ್ಲ ಅವ್ವ ಕಡೇ ಗಳಿಗೆಯಲ್ಲಿ ಏನಂದಳು ಎಂದು ನೀನು ಕೇಳುತ್ತೀ, ನಾನು ‘ಆರಾಮ ಇದ್ದಳು’ ಎಂದು ಇಟ್ಟುಬಿಡುತ್ತೇನೆ.

ಮೊದಲು ಸಮಾಧಾನದ ಸುದ್ದಿ. ವಾರ್ಡಿನಲ್ಲಿ ನನ್ನ ಕೆಲಸ ಉಳಿಯಿತು.

ಹೋದ ತಿಂಗಳು ನಮ್ಮ ಆಸ್ಪತ್ರೆಯಲ್ಲಿ ಒಂದು ನೋಟಿಸ್ ಅಂಟಿಸಿದರು. ನರ್ಸುಗಳು ರೋಗಿಯ ಫೈಲಿನಲ್ಲಿ ಬರೆಯುವುದು ಎಷ್ಟು ಸರಿ ಇದೆ ಎಂದು ಹೊರಗಿನಿಂದ ಬಂದು ಅಳೆಯುತ್ತಾರಂತೆ. ಒಬ್ಬೊಬ್ಬರದು ಒಂದು ಫೈಲು, ಇಪ್ಪತ್ತು ಅಂಕ. ಹತ್ತು ಬಾರದವರು ವಾರ್ಡು ಬಿಟ್ಟು ಬಟ್ಟೆ ಮಡಚುವ ಕೋಣೆಗೆ. ನನ್ನ ಓದು ನಿನಗೆ ಗೊತ್ತಲ್ಲ. ಎಂಟನೆಯದಕ್ಕೆ ಶಾಲೆ ಬಿಟ್ಟು, ಮದುವೆಯಾದ ಮೇಲೆ ಮನೆಯಿಂದಲೇ ಹತ್ತನೆಯದು ಕಟ್ಟಿ, ಹೇಗೋ ನರ್ಸ್ ತರಬೇತಿ ಮುಗಿಸಿದವಳು. ಉಣ್ಣುವುದನ್ನೇ ಬಿಟ್ಟಿದ್ದೆ. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ದಾರಿಯಿಂದ ಎರಡೆರಡು ಸಲ ವಾಪಸ್ಸು ಬರುತ್ತಿದ್ದೆ.

ಅದರಲ್ಲೂ ಭರಮಣ್ಣನ ಫೈಲೇ ಅವರ ಕೈಗೆ ಸಿಗಬಾರದು ಎಂದು ಜಂಬುನಾಥನಿಗೆ ಕಾಯಿ ಬೇಡಿಕೊಂಡಿದ್ದೆ. ಭರಮಣ್ಣ ಸಂಡೂರಿನ ಗಣಿಯಲ್ಲಿ ಲಾರಿ ಓಡಿಸುವವನು. ಜ್ವರವೆಂದು ಸೇರಿದ್ದ. ಬೆಳಿಗ್ಗೆ ‘ಆರಾಮೇನ್ರಿ?’ ಎಂದೆ. “ಆರಾಮ ಅದೀನವ್ವಾ. ಎದಿ ಮ್ಯಾಲೆ ಅದಿರಿನ ಲಾರಿ ನಿಂತಂಗ ಆಗೈತಿ, ಅಷ್ಟ” ಎಂದು ನಕ್ಕ. ನಾನು ಗಂಟೆ ಹಾಕಿ ಅವನ ಮಾತನ್ನು ಹಾಗೆಯೇ ಬರೆದು ಡಾಕ್ಟರರಿಗೆ ತೋರಿಸಿದೆ. ಅವರು ಇಸಿಜಿ ಮಾಡಿಸಿ, ಕೂಡಲೇ ಬಳ್ಳಾರಿಗೆ ಕಳಿಸಿದರು. ಅದನ್ನೂ ಬರೆದೆ.

ನಮ್ಮ ಹೆಡ್ ನರ್ಸ್ ಸುಧಾರಾಣಿ ಅದನ್ನು ಓದಿ, “ಹಂಪಕ್ಕ, ಇದು ಫೈಲೋ ಲಾರಿ ಸ್ಟ್ಯಾಂಡೋ? ಎಲ್ಲಾರ ಹಂಗ ‘ರೋಗಿ ಆರಾಮ’ ಅಂತ ಬರಿಯಾಕ ಏನಾಗಿತ್ತು?” ಎಂದು ಎಲ್ಲರೆದುರು ಬೈದಿದ್ದರು.

ಮೊನ್ನೆ ಹೇಮಾ ಮೇಡಂ ಅಳೆಯಲು ಬಂದರು. ಅವರು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವವರು. ನನ್ನ ಸರದಿಗೆ ಎಳೆದದ್ದು ಅದೇ ಫೈಲು! ಎಲ್ಲ ಮುಗಿಸಿ ನಮ್ಮನ್ನು ಕೂಡಿಸಿಕೊಂಡು ಅವರು ಹೇಳಿದರು: “ಇಪ್ಪತ್ತು ಫೈಲಿನ್ಯಾಗ ಹತ್ತೊಂಬತ್ತು ಮಂದಿ ಆರಾಮ ಅದಾರ. ಅಷ್ಟು ಆರಾಮ ಇದ್ರ ಆಸ್ಪತ್ರಿಗೆ ಯಾಕ ಬರ್ತಿದ್ರು?” ಹಾಳೆ ತಿರುವುತ್ತ ಮುಂದುವರಿಸಿದರು: “ನಮ್ಮ ಕಡಿ ಆರಾಮೇನ್ರಿ ಅಂದ್ರ ಯಾರೂ ಇಲ್ಲ ಅನ್ನಂಗಿಲ್ಲ. ಅದು ಮರ್ಯಾದಿ ಮಾತು, ಅದಕ್ಕ ಅಂಕ ಇಲ್ಲ. ಅದರ ಹಿಂದ ಏನಂತಾರ, ಅದನ್ನ ಬರೀರಿ.”

ಆಮೇಲೆ ನನ್ನ ಹಾಳೆಯನ್ನು ಗಟ್ಟಿಯಾಗಿ ಓದಿದರು. ‘ಎದಿ’ ಎನ್ನಲು ‘ಹೆದಿ’ ಎಂದು ಬರೆದಿದ್ದೆನಂತೆ, ಎಲ್ಲರೂ ನಕ್ಕರು. ಕೊನೆಯಲ್ಲಿ ಸಹಿ ಮರೆತದ್ದಕ್ಕೆ ಎರಡು ಅಂಕ ಹೋಯಿತು. ಹದಿನೆಂಟು ಬಂತು ಜಂಬಿ, ಹದಿನೆಂಟು! ಸುಧಾರಾಣಿಯವರೇ ಚಹಾ ತರಿಸಿ, “ನಿಮ್ ಲಾರಿ ಪಾಸಾತು ಬಿಡ್ರಿ” ಎಂದರು. ಗುಣವಾದ ಭರಮಣ್ಣ ನಿನ್ನೆ ಬಂದು ಕಮಲಾಪುರದ ಬಾಳೆಹಣ್ಣಿನ ಗೊನೆಯನ್ನೇ ಇಟ್ಟು ಹೋದ. ಈಗ ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ.

ತುಳಸಿಗೆ ಒಳ್ಳೆಯದಾಗಲಿ, ಶಾಲೆ ಮಾತ್ರ ಬಿಡಿಸಬೇಡ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ಅಕ್ಕ,
ಹಂಪಕ್ಕ

ಮರೆತ ಮಾತು: ಮೂರು ವರ್ಷದ ಹಿಂದೆ ಅವ್ವ ನನ್ನದೇ ವಾರ್ಡಿನಲ್ಲಿದ್ದಾಗ ನೀನು ಫೋನ್ ಮಾಡಿ “ಬರಲೇನಕ್ಕಾ?” ಎಂದು ಕೇಳಿದೆ. ನಾನು ಫೈಲು ನೋಡಿ, “ಆರಾಮ ಅದಾಳ, ನಾಳೆ ಬಾ” ಎಂದೆ. ಸಂಜೆ ಆರಕ್ಕೆ ಅವ್ವ ಹೋದಳು. ಫೈಲಿನಲ್ಲಿ ಹಾಗೆ ಬರೆದವಳೂ ನಾನೇ. ಆ ಸಾಲನ್ನು ಈಗ ಪೂರ್ತಿ ಬರೆಯುತ್ತಿದ್ದೇನೆ.

ಮಧ್ಯಾಹ್ನ 3.20. ರೋಗಿ ಹೇಳಿದ್ದು: “ಆರಾಮ ಅದೀನಿ. ಜಂಬಿನ್ನ ಜಲ್ದಿ ಕರಿ, ನೋಡಬೇಕು ಅನಸೈತಿ.”

ಸಹಿ: ಹಂಪಕ್ಕ