ಮಾತು ಇನ್ನೂ ಹಾಕಿಲ್ಲರಿ

ಜಮಖಂಡಿ
ಶುಕ್ರವಾರ, 14 ನವೆಂಬರ್ 2025

ಬನಹಟ್ಟಿಯ ಶಿವಗಂಗಕ್ಕನಿಗೆ, ಸಿನಿಮಾಕ್ಕೆ ಮಾತು ಬರೆದು ಬದುಕುವ, ಆದರೆ ಫೋನಿನಲ್ಲಿ ಮಾತಾಡದ ನಿನ್ನ ತಮ್ಮ ಸೋಮಲಿಂಗನ ನಮಸ್ಕಾರ.

ಕಾವ್ಯಾಳ ಕೂಸು ಹೇಗಿದೆ? ಮಗ್ಗದ ಸದ್ದಿಗೆ ಮಲಗಿ, ಮನುಷ್ಯರ ಮಾತಿಗೆ ಎದ್ದು ಅಳುವ ಅಪ್ಪಟ ಬನಹಟ್ಟಿಯ ಕೂಸು ಅದು. ‘ಅದು ಮಲಗಿದಾಗ ಮನ್ಯಾಗ ಯಾರೂ ಪಿಟಕ್ಕನ್ನಂಗಿಲ್ಲ ಮಾಮಾ’ ಎಂದು ನಿನ್ನ ಮಗಳು ದೀಪಾವಳಿಯಲ್ಲಿ ದೂರುತ್ತಿದ್ದಳು. ಆ ಮೇಲೆ ಒಂಬತ್ತು ಸಲ ಫೋನ್ ಮಾಡಿದ್ದಾಳೆ. ಒಂಬತ್ತೂ ಸಲ ‘ಮೀಟಿಂಗಿನಲ್ಲಿದ್ದೇನೆ’ ಎಂದು ಟೈಪ್ ಮಾಡಿ ಕಳಿಸಿದೆ. ಮಂತ್ರಿಗಳಿಗೂ ಇಷ್ಟು ಮೀಟಿಂಗ್ ಇರುವುದಿಲ್ಲ. ನೀನಂತೂ ವರ್ಷದಿಂದ ಫೋನ್ ಮಾಡುವುದನ್ನೇ ಬಿಟ್ಟು, ‘ಬಂದು ಹೋಗು’ ಎಂದು ಹೇಳಿ ಕಳಿಸುತ್ತೀ. ಸಿಟ್ಟೇನು?

ಮುಕ್ಕಾಲು ತಾಸಿನ ದಾರಿಗೆ ಪತ್ರ ಯಾಕೆಂದರೆ, ಇದನ್ನು ನೀನೊಬ್ಬಳೇ ಓದಬೇಕು. ನಿನ್ನ ವಾಟ್ಸಾಪ್ ಕಾವ್ಯಾಳ ಕೈಯಲ್ಲಿರುತ್ತದೆ. ಅದಕ್ಕೇ ಲಕೋಟೆಯಲ್ಲಿ ಹಾಕಿ, ನೂಲು ಹೇರಿಕೊಂಡು ಬರುವ ಯಲ್ಲಾಲಿಂಗನ ಟೆಂಪೋದಲ್ಲಿ ಕಳಿಸುತ್ತಿದ್ದೇನೆ.

ಅಕ್ಕಾ, ನನಗೆ ಕಿವಿ ಕೇಳಿಸುತ್ತಿಲ್ಲ. ಪೂರ್ತಿ ಹೋಗಿದೆಯೋ ಅರ್ಧ ಹೋಗಿದೆಯೋ ತಿಳಿಯದು. ಡಾಕ್ಟರ ಹತ್ತಿರ ಹೋದರೆ ತಿಳಿಯುತ್ತದೆ, ಅದಕ್ಕೇ ಹೋಗಿಲ್ಲ. ನೀನು ಹೆದರಬೇಡ. ಹೆದರುವ ಕೆಲಸ ನಾನೇ ವಹಿಸಿಕೊಂಡಿದ್ದೇನೆ.

ಶುರುವಾದದ್ದು ಸಿನಿಮಾದಿಂದ. ಈ ವರ್ಷದ ದೊಡ್ಡ ಹೀರೋಗಳ ಚಿತ್ರಗಳ ಬಗ್ಗೆ ನನ್ನ ಅಭಿಪ್ರಾಯ ಖಾರವಾಗಿತ್ತು. ಒಬ್ಬನೂ ಬಾಯಿ ಬಿಟ್ಟು ಮಾತಾಡುವುದಿಲ್ಲ, ಗಡ್ಡದೊಳಗೇ ಗೊಣಗುತ್ತಾನೆ. ಮೊದಲ ಭಾಗದಲ್ಲಿ ಗಡ್ಡ ಬೆಳೆಯುತ್ತದೆ, ಎರಡನೆಯ ಭಾಗದಲ್ಲಿ ಸೇಡು ಬೆಳೆಯುತ್ತದೆ, ಕಥೆ ಮಾತ್ರ ಹುಟ್ಟಿದಷ್ಟೇ ಇರುತ್ತದೆ ಎಂದು ಫೇಸ್‌ಬುಕ್ಕಿನಲ್ಲಿ ಬರೆದೆ. ಮುನ್ನೂರು ಜನ ಮೆಚ್ಚಿದರು. ಜಮಖಂಡಿಯಲ್ಲಿ ನೋಡಿದ್ದನ್ನೇ ಸಂಶಯಕ್ಕೆ ಮುಧೋಳದಲ್ಲಿ ನೋಡಿದೆ, ಮಹಾಲಿಂಗಪುರದಲ್ಲೂ ನೋಡಿದೆ. ಮೂರು ಊರಿನ ಸ್ಪೀಕರುಗಳು ಮಾತಾಡಿಕೊಂಡು ಕೆಡುತ್ತವೆಯೇ? ಆಮೇಲೆ ಹೊಳೆಯಿತು, ನಾಯಕಿಯರ ಮಾತು ನನಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಅವರಿಗೆ ಗಡ್ಡವಿಲ್ಲ. ತುಟಿ ಕಾಣುತ್ತದೆ.

ಆನಂತರ ಒಂದು ಸಣ್ಣ ಚಿತ್ರ ಬಂತು, ಹಳ್ಳಿಯದು, ತುಂಬ ಮೆಚ್ಚಿಕೊಂಡೆ. ಕೊನೆಯ ಹತ್ತು ನಿಮಿಷ ಬರೀ ಹೊಲ, ಸಂಜೆ, ಬೆನ್ನು ತಿರುಗಿಸಿ ಕುಳಿತ ಅಜ್ಜಿ. ‘ಮೌನವನ್ನು ಇಷ್ಟು ಧೈರ್ಯದಿಂದ ಬಳಸಿದ ನಿರ್ದೇಶಕನಿಗೆ ಶರಣು’ ಎಂದು ಬರೆದೆ. ಕೆಳಗೆ ಯಾರೋ, ‘ಸರ, ಆ ಅಜ್ಜಿ ಹತ್ತೂ ನಿಮಿಷ ಹಾಡತಾಳರಿ’ ಎಂದು ಹಾಕಿದರು. ನಾನು ಬೇರೆ ಚಿತ್ರದ ಬಗ್ಗೆ ಹೇಳಿದ್ದು ಎಂದು ಸುಳ್ಳು ಹೇಳಿ ಪೋಸ್ಟ್ ತೆಗೆದುಹಾಕಿದೆ.

ಮುಧೋಳದಲ್ಲಿ ದೆವ್ವದ ಸಿನಿಮಾಕ್ಕೂ ಹೋದೆ. ಇಡೀ ಟಾಕೀಸು ಒಮ್ಮೆಲೇ ಕುರ್ಚಿಯಿಂದ ಎಗರಿತು. ಪಕ್ಕದ ಮುದುಕ ನನ್ನ ಮೊಣಕೈ ಹಿಡಿದುಕೊಂಡ. ಪರದೆಯ ಮೇಲೆ ಏನೂ ಇರಲಿಲ್ಲ, ಖಾಲಿ ಪಡಸಾಲೆ. ಹೊರಬರುವಾಗ ಮುದುಕ, ‘ಭಾಳ ಗಟ್ಟಿ ಎದಿ ಬಿಡ್ರಿ ನಿಮ್ದು’ ಎಂದು ಬೆನ್ನು ಚಪ್ಪರಿಸಿದ. ಮುನ್ನೂರು ಜನರಿಗೆ ಗೊತ್ತಾದ ಹೆದರಿಕೆ ನನಗೊಬ್ಬನಿಗೆ ಗೊತ್ತಾಗಲಿಲ್ಲವಲ್ಲ, ಅಂಥ ಹೆದರಿಕೆಯನ್ನು ಯಾವ ದೆವ್ವವೂ ಹುಟ್ಟಿಸಲಾರದು.

ನಮ್ಮ ಚಿತ್ರದ ಎಡಿಟರ್ ಅಭಿನಂದನ ಒಂದು ವಿಡಿಯೋ ಗೇಮ್ ಕೊಟ್ಟ. ಕಥೆ ಹೇಳುವುದನ್ನು ಸಿನಿಮಾದವರು ಇನ್ನು ಗೇಮಿನಿಂದ ಕಲಿಯಬೇಕು ಎನ್ನುತ್ತಾನೆ. ಖರೆ ಇರಬಹುದು. ಸಿನಿಮಾದಲ್ಲಿ ನಾಯಕ ಒಮ್ಮೆ ಸತ್ತರೆ ಜನ ಎದ್ದು ಹೋಗುತ್ತಾರೆ. ಗೇಮಿನಲ್ಲಿ ಇಪ್ಪತ್ತು ಸಲ ಸತ್ತರೂ ಅದೇ ಬಾಗಿಲು ತೆಗೆಯುತ್ತಾರೆ. ಈ ಗೇಮಿನಲ್ಲಿ ಹಾಳುಬಿದ್ದ ಕಾರ್ಖಾನೆ, ಆಡುವವನೊಬ್ಬನೇ, ಹಿಂದಿನಿಂದ ಏನೋ ಬರುತ್ತದೆ. ಅದು ಕಾಣುವುದಿಲ್ಲ. ಹೆಜ್ಜೆ ಸಪ್ಪಳ ಕೇಳಿಸಿದ ಕೂಡಲೇ ತಿರುಗಿ ಓಡಬೇಕು. ಹೆಡ್‌ಫೋನಿನ ಸದ್ದು ಪೂರ್ತಿ ಏರಿಸಿ ಕುಳಿತೆ. ಹದಿನೇಳು ಸಲ ಸತ್ತೆ. ಆಚೆ ಕುರ್ಚಿಯಲ್ಲಿದ್ದ ಅಭಿನಂದನ ಎದ್ದು ಬಂದು, ‘ಸರ, ಆ ಹೆಜ್ಜಿ ಸಪ್ಪಳ ನನಗ ಅಲ್ಲೀತನಾ ಕೇಳಾಕತ್ತಿತ್ತು, ನಿಮಗ್ಯಾಕ...’ ಎಂದು ಅರ್ಧಕ್ಕೆ ನಿಲ್ಲಿಸಿದ. ಅಂದಿನಿಂದ ರಸ್ತೆಯಲ್ಲಿ ಹತ್ತು ಹೆಜ್ಜೆಗೊಮ್ಮೆ ಹಿಂದೆ ತಿರುಗುತ್ತೇನೆ. ನೋಡಿದವರು ನಾನು ಮದುವೆ ಮನೆಯಿಂದ ಓಡಿ ಬಂದ ಗಂಡು ಎಂದುಕೊಂಡಿರಬೇಕು, ಈ ವಯಸ್ಸಿನಲ್ಲಿ.

ಇಲ್ಲಿತನಕ ನಗೆಯಾಯಿತು. ಮೊನ್ನೆ ಬುಧವಾರ ಆದದ್ದು ಬೇರೆ.

ತೇರದಾಳದ ತ್ರಿಶಲಾ ನಿನಗೆ ಗೊತ್ತು, ನಮ್ಮ ಚಿತ್ರದ ನಿರ್ದೇಶಕಿ. ಬಾಡಿಗೆ ಮನೆಯ ಮಾಡಿಯಲ್ಲಿ ಗೋಡೆಗೆಲ್ಲ ಗಾದಿ ಹೊಡೆದು ಡಬ್ಬಿಂಗ್ ಕೋಣೆ ಮಾಡಿಕೊಂಡಿದ್ದಾಳೆ. ಅವತ್ತು ಮಗ್ಗದ ಶೆಡ್ಡಿನ ದೃಶ್ಯ ಹಾಕಿದರು, ಗಂಡ ಹೆಂಡತಿ ಮಗ್ಗಗಳ ನಡುವೆ ನಿಂತು ಜಗಳಾಡುವುದು. ಪೂರ್ತಿ ನೋಡಿದೆ. ಪ್ರತಿ ಮಾತೂ ಎದೆಗೆ ನಾಟಿತು. ‘ಛಲೋ ಬಂದೈತಿ. ಆ “ನಾನು ತವರಿಗಿ ಹೋಗ್ತೀನಿ” ಅನ್ನೋದೊಂದು ಮೆತ್ತಗ ಹೇಳಿಸು’ ಎಂದೆ. ತ್ರಿಶಲಾ ನನ್ನ ಕಡೆ ತಿರುಗಿ, ‘ಸರ, ಇದು ಬರೇ ಮಗ್ಗದ ಸಪ್ಪಳ. ಮಾತು ಇನ್ನೂ ಹಾಕಿಲ್ಲರಿ’ ಎಂದಳು.

ನಾನು ನಕ್ಕೆ. ನಾನು ಬರೆದ ಮಾತು, ಹಾಕದಿದ್ದರೂ ನನಗೆ ಕೇಳಿಸುತ್ತದೆ ಎಂದೆ. ಎಲ್ಲರೂ ನಕ್ಕರು. ತ್ರಿಶಲಾ ನಗಲಿಲ್ಲ.

ನಿನಗೆ ಬಿಡಿಸಿ ಹೇಳಬೇಕಿಲ್ಲ. ಅಪ್ಪನ ಶೆಡ್ಡಿನಲ್ಲಿ ಯಾರು ದನಿ ತೆಗೆದು ಮಾತಾಡುತ್ತಿದ್ದರು? ಇಪ್ಪತ್ನಾಲ್ಕು ಮಗ್ಗ ಬಡಿಯುವಾಗ ಆ ತುದಿಯಿಂದ ಅವ್ವ ತುಟಿ ಆಡಿಸಿದರೆ ಈ ತುದಿಯಲ್ಲಿ ನಾವು ಊಟಕ್ಕೆ ಏಳುತ್ತಿದ್ದೆವು. ತುಟಿ ಓದುವುದನ್ನು ನಾವು ಅಕ್ಷರಕ್ಕಿಂತ ಮೊದಲು ಕಲಿತವರು. ಆ ಕಲಿಕೆಯೇ ನನಗೆ ಮೋಸ ಮಾಡಿದೆ. ಕಿವಿ ಯಾವಾಗ ಹೋಯಿತೋ, ಕಣ್ಣು ಅದರ ಹಾಜರಿ ಹಾಕುತ್ತ ಬಂದಿದೆ.

ನನ್ನ ಹೆದರಿಕೆ ಯಾವುದು ಹೇಳಲೇ? ನಾಲ್ಕು ಜನ ನನ್ನನ್ನು ಕರೆಯುವುದೇ ನಮ್ಮ ಕಡೆಯ ಮಾತು ಕಿವಿಗೆ ಬಿದ್ದ ಹಾಗೆ ಬರೆಯುತ್ತಾನೆ ಎಂದು. ಕಿವಿಗೇ ಬೀಳದಿದ್ದರೆ ಏನು ಬರೆಯಲಿ? ಅದೂ ಹೋಗಲಿ. ಅಪ್ಪನನ್ನು ನೆನಪಿಸಿಕೋ. ಶೆಡ್ಡಿನಲ್ಲಿ ಅವನು ಕಿವುಡನಲ್ಲ, ಅಲ್ಲಿ ಎಲ್ಲರೂ ಕಿವುಡರೇ. ಮನೆಗೆ ಬಂದಾಗ ಮಾತ್ರ ಕಿವುಡ. ನಾವು ಬೆನ್ನು ತಿರುಗಿಸಿಕೊಂಡು ಮಾತಾಡುತ್ತಿದ್ದೆವು. ಕೊನೆಯ ಆರು ವರ್ಷ ಅವನಿಗೆ ನಾವು ಕೂಗಿ ಹೇಳಿದ್ದು ಊಟ, ನೀರು, ಗುಳಿಗೆ, ಇಷ್ಟೇ. ಯಾರೂ ಒಂದು ಜೋಕು ಹೇಳಲಿಲ್ಲ. ಕೂಗಿ ಹೇಳಿದರೆ ಜೋಕು ಜಗಳದ ಹಾಗೆ ಕೇಳುತ್ತದೆ. ನಾವು ನಕ್ಕಾಗ ಅವನೂ ನಗುತ್ತಿದ್ದ, ಒಂದು ಗಳಿಗೆ ತಡವಾಗಿ. ಮೊನ್ನೆ ಡಬ್ಬಿಂಗ್ ಕೋಣೆಯಲ್ಲಿ ನಾನೂ ಹಾಗೆ ನಕ್ಕೆ.

ಒಂದು ಆಸೆ ಉಳಿದಿದೆ. ನಿನ್ನ ಮಾತು ನನಗೆ ಒಂದಕ್ಷರ ಬಿಡದೆ ಕೇಳಿಸುತ್ತದೆ. ದೀಪಾವಳಿ ಪಾಡ್ಯದ ದಿನ, ನಿಮ್ಮ ಓಣಿಯ ಶಿದ್ರಾಮಪ್ಪ ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಬೇರೆಯವರ ಬೆಲ್ಲದ ಚೀಲ ಎತ್ತಿಕೊಂಡು ಬಸ್ಸು ಹತ್ತಿದ ಕಥೆ ಹೇಳಿದೆಯಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಾವ್ಯ ನಡುವೆ ಬಂದದ್ದಕ್ಕೆ ಕಥೆ ಅರ್ಧಕ್ಕೆ ನಿಂತಿತು. ಅಷ್ಟು ಕೇಳಿಸುತ್ತದೆ ಎಂದ ಮೇಲೆ ಕಿವಿ ಪೂರ್ತಿ ಹೋಗಿಲ್ಲ, ಅಲ್ಲವೇ?

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಸೋಮವಾರ ಚಿತ್ರದ ಕೊನೆಯ ಧ್ವನಿ ಪರೀಕ್ಷೆ. ಪ್ರತಿ ಮಾತಿಗೂ ನಾನು ಒಪ್ಪಿಗೆ ಕೊಡಬೇಕು. ಮಗ್ಗ ಬಲ್ಲವಳು, ತಪ್ಪು ಹಿಡಿಯಲಿ ಎಂದು ನಿನ್ನನ್ನು ಕರೆಸಿದ್ದೇನೆ ಎನ್ನುತ್ತೇನೆ. ನೀನು ನನ್ನ ಎದುರಿಗೆ ಕುಳಿತು, ಎಲ್ಲಿ ಮಾತು ಮೆತ್ತಗಾಯಿತು, ಎಲ್ಲಿ ಗಟ್ಟಿಯಾಯಿತು ಎಂದು ಶೆಡ್ಡಿನ ಹಾಗೆ ತುಟಿಯಲ್ಲಿ ಹೇಳು. ಮೋಸ ಎನ್ನಬೇಡ. ಇದೊಂದು ಚಿತ್ರ ದಾಟಲಿ.

ಕಾವ್ಯಾಳಿಗೆ ಏನೂ ಹೇಳಬೇಡ. ಕೂಸಿಗೆ ಮುತ್ತು.

ಮೀಟಿಂಗೇ ಇಲ್ಲದ ನಿನ್ನ ತಮ್ಮ,
ಸೋಮಲಿಂಗ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಪಾಡ್ಯದ ದಿನ ಶಿದ್ರಾಮಪ್ಪನ ಕಥೆ ಹೇಳುವಾಗ ಕೂಸು ನಿನ್ನ ತೊಡೆಯ ಮೇಲೆ ಮಲಗಿತ್ತು. ಅರ್ಧ ತಾಸು ನೀನು ಮಾತಾಡಿದೆ. ಅದು ಮಿಸುಕಲಿಲ್ಲ. ನಾನು ನಕ್ಕಾಗ ಮಾತ್ರ ಎದ್ದು ಅತ್ತಿತು. ಕಾವ್ಯ ಅಡಿಗೆಮನೆಯಿಂದ ಬಂದು, ‘ಯಾಕ ಮಾಮಾ, ಒಬ್ಬನ ಕುಂತು ನಗಾಕತ್ತೀ’ ಎಂದು ಕೇಳಿದಳು. ಚೇಷ್ಟೆ ಮಾಡುತ್ತಾಳೆ ಎಂದುಕೊಂಡೆ.

ಅಕ್ಕಾ, ಅವತ್ತು ನಿನ್ನ ಬಾಯಿಂದ ದನಿ ಬಂದಿತ್ತೇ? ಯಾವಾಗಿನಿಂದ ಗೊತ್ತು ನಿನಗೆ?

ಸೋಮವಾರ ಬರಬೇಡ. ತ್ರಿಶಲಾಗೆ ನಾನೇ ಹೇಳುತ್ತೇನೆ. ಅದಕ್ಕೂ ಮೊದಲು, ರವಿವಾರ, ನಾನು ಬನಹಟ್ಟಿಗೆ ಬಂದು ನಿನ್ನ ಅಂಗಳದಲ್ಲಿ ರಸ್ತೆಗೆ ಮುಖ ಮಾಡಿ ನಿಲ್ಲುತ್ತೇನೆ. ಎದುರಿಗೆ ಬರಬೇಡ. ನನ್ನ ಬೆನ್ನ ಹಿಂದೆ ನಿಂತು, ದನಿ ತೆಗೆದು, ಸೋಮ್ಯಾ ಎಂದು ಒಂದು ಸಲ ಕರೆ. ನಾನು ತಿರುಗದಿದ್ದರೆ ಎರಡನೆಯ ಸಲ ಕೂಗಬೇಡ. ಮುಂದೆ ಬಂದು ನಿಂತು, ಶಿದ್ರಾಮಪ್ಪ ಆ ಬೆಲ್ಲ ಏನು ಮಾಡಿದ ಅನ್ನುವುದನ್ನು ಹೇಳಿ ಮುಗಿಸು.