ಆ ದಿನದ ನೀರು

೧೪ ಅಕ್ಟೋಬರ್ ೧೯೯೨, ಬುಧವಾರ. ಅಫಜಲಪುರ.

ಗುಲಬರ್ಗಾದಿಂದ ತಂದ ವಿಜ್ಞಾನ ಪತ್ರಿಕೆಯ ಎರಡು ಪುಟಗಳು ಬೆಳಗಿನಿಂದ ನನ್ನನ್ನು ಬಿಡುತ್ತಿಲ್ಲ. ಚರ್ಮದ ಪ್ರತಿ ಜೀವಕೋಶದೊಳಗೂ ಪ್ರೋಟೀನ್ ಎಳೆಗಳದೊಂದು ಬಲೆ ಇರುತ್ತದಂತೆ. ಹೊರಸು ಮಂಚದ ಹಗ್ಗದ ಹೆಣಿಗೆಯಂತೆ ಅದು ಎಳೆತವನ್ನು ಹಂಚಿಕೊಂಡು ತಾಳುತ್ತದೆ. ಕೆಲವು ಕೂಸುಗಳಿಗೆ ಆ ಬಲೆ ಹುಟ್ಟಿನಿಂದಲೇ ದುರ್ಬಲ. ಮೆಲ್ಲಗೆ ತಿಕ್ಕಿದರೂ ಕೋಶಗಳು ಹರಿದು ನೀರುಗುಳ್ಳೆ ಏಳುತ್ತವೆ. ನೋಡಲು ಸುಟ್ಟಂತೆಯೇ ಕಾಣುತ್ತದೆ.

ನಮ್ಮ ಕೂಸು ಬದುಕಿದ್ದು ನಲವತ್ತು ದಿನ. ಎಣ್ಣೆ ತಿಕ್ಕಿ ನೀರೆರೆದ ಮೇಲೆ ಮೈತುಂಬ ಗುಳ್ಳೆ ಎದ್ದಾಗ, ಕುದಿಯುವ ನೀರು ಹಾಕಿದ್ದೀಯ ಎಂದು ಹೆಂಡತಿ ಭಾಗೀರಥಿಯನ್ನು ಎಲ್ಲರೆದುರು ಬೈದವನು ನಾನು. ಹದಿನೆಂಟು ವರ್ಷವಾಯಿತು. ಆಮೇಲೆ ಅವಳು ತಂಗಿಯ ಮಕ್ಕಳಿಗೂ ಎರೆಯಲಿಲ್ಲ.

ಸಂಜೆ ಅವಳೆದುರು ಕೂತು ಆ ಪುಟಗಳನ್ನು ಓದಿ ಹೇಳಿದೆ. ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕೈ ನಿಲ್ಲಲಿಲ್ಲ.

"ಅಂದ್ರ, ಪುಸ್ತಕ ಹೇಳಿದ್ ಮ್ಯಾಲ ನಂಬಿದ್ರಿ," ಎಂದಳು. "ನೀರು ಉಗುರುಬೆಚ್ಚಗ ಇದ್ವು ಅಂತ ನಾ ಆವತ್ತೇ ಹೇಳಿದ್ನಲ್ರಿ."

ಹೇಳಿದ್ದಳು. ಹಂಡೆ ಅಲ್ಲೇ ಇತ್ತು, ನೀರೂ ಉಳಿದಿತ್ತು. ಕಾಲೇಜಿನಲ್ಲಿ ಉಷ್ಣದ ಪಾಠ ಹೇಳುವ ನಾನು ಅದರಲ್ಲಿ ಒಂದು ಬೆರಳು ಅದ್ದಿ ನೋಡಲಿಲ್ಲ.